ಹೆಡಕಿನ ಪಾಚಿ

ನಮ್ಮೂರಿನಲ್ಲಿ ಸಾಲು ನಿಲ್ಲುವವರು ಒಬ್ಬರ ಹಿಂದೆ ಒಬ್ಬರು ನಿಲ್ಲುವುದಿಲ್ಲ, ಅಡ್ಡಡ್ಡ ನಿಲ್ಲುತ್ತಾರೆ. ಸೊಸೈಟಿ ಅಂಗಡಿಯಾಗಲಿ ಟಾಕೀಸಾಗಲಿ, ಎಲ್ಲರ ಬೆನ್ನೂ ಗೋಡೆಗೆ. ಬಸ್ಸಿನಲ್ಲಿ ಕೊನೆಯ ಸೀಟಿಗೇ ಹೊಡೆದಾಟ. ಇನ್ನೊಬ್ಬನ ಹಿಂದೆ ನಿಂತು ಅವನ ಹೆಡಕು ನೋಡುವವನು ಬಚ್ಚಲಿಗೆ ಇಣುಕುವವನಿಗಿಂತ ಕಡೆ ಅಂತ ನಮ್ಮಲ್ಲಿ ಲೆಕ್ಕ. ಯಾಕೆಂದರೆ ಹೊಟ್ಟೆಕಿಚ್ಚು ಪಟ್ಟವರಿಗೆ ಅಲ್ಲಿ, ಕತ್ತಿನ ಹಿಂದೆ, ಪಾಚಿ ಕಟ್ಟುತ್ತದೆ. ಅದಕ್ಕೆ ಕಿಚ್ಚು ಅಂತ ಹೆಸರಿಟ್ಟವನು ನಮ್ಮೂರಿನವನಲ್ಲ. ಅದು ಸುಡುವುದಿಲ್ಲ. ತಣ್ಣಗಿರುತ್ತದೆ, ಹಸಿರಾಗಿರುತ್ತದೆ, ಹಾಳುಬಾವಿಯ ವಾಸನೆ ಹೊಡೆಯುತ್ತದೆ. ಯಾರ ಮೇಲೆ ಹೊಟ್ಟೆಕಿಚ್ಚೋ ಅವರು ಹತ್ತಿರ ಬಂದರೆ ಸಾಕು, ಒಣಗಿ ಗರಿಗರಿಯಾದ ಪಾಚಿಯೂ ನೀರು ಬಿಡುತ್ತದೆ.

ಇದಕ್ಕಾಗಿ ಯಾರೂ ಅಳುತ್ತಾ ಕೂರುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜಿದ ಹಾಗೆ ಹೆಡಕು ಕೆರೆದುಕೊಳ್ಳುತ್ತಾರೆ. ನೆಂಟರ ಮನೆ ಮದುವೆ ಮುಗಿಸಿ ಬಂದ ಮಾರನೇ ದಿನ ಮುನಿಯಪ್ಪನ ಕಟಿಂಗ್ ಶಾಪಿನಲ್ಲಿ ಕೂರಲು ಜಾಗವಿರುವುದಿಲ್ಲ. ಹೊಸ ಬೈಕು ಕೊಂಡವನು ಬೀದಿಗೆ ಬಂದರೆ ಕಟ್ಟೆಯ ಮೇಲಿನವರೆಲ್ಲ ಟವೆಲ್ಲನ್ನು ಹೆಗಲಿನಿಂದ ಕತ್ತಿಗೆ ಎಳೆದುಕೊಳ್ಳುತ್ತಾರೆ. ಗಂಡು ನೋಡಲು ಬಂದವರು ಹುಡುಗನನ್ನು ಒಂದು ಸಲ ತಿರುಗಿಸಿ ಕೂರಿಸಿ ಆಮೇಲೆ ಕಾಫಿ ಮುಟ್ಟುತ್ತಾರೆ. ಹೆಂಗಸರಿಗೂ ಕಟ್ಟುತ್ತದೆ. ಪಕ್ಕದ ಮನೆಯ ಬಳೆಗೆ, ವಾರಗಿತ್ತಿಯ ಸೀರೆಗೆ. ಜಡೆಯ ಕೆಳಗೆ ಯಾರು ನೋಡಿದರು? ಆದರೆ ಒಂದು ಮಾತು ಮಾತ್ರ ಊರಿಗೆ ಊರೇ ನಂಬಿದ್ದು: ಹೆತ್ತವಳಿಗೆ ತನ್ನ ಮಗುವಿನ ಮೇಲೆ ಪಾಚಿ ಕಟ್ಟುವುದಿಲ್ಲ. ತೊಟ್ಟಿಲಿಗೆ ಹಾಕುವ ದಿನ ಹಿರಿಯ ಹೆಂಗಸೊಬ್ಬಳು ಬಾಣಂತಿಯ ಹೆಡಕಿಗೆ ಎಣ್ಣೆ ಒತ್ತಿ, “ಲೋಕದ ಮೇಲೆಲ್ಲ ಬರಲಿ, ಇದರ ಮೇಲೆ ಬಾರದಿರಲಿ” ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ನನ್ನ ತೊಟ್ಟಿಲ ದಿನವೂ ನಮ್ಮಮ್ಮ ಬೋರಮ್ಮನಿಗೆ ಹಾಗೇ ಒತ್ತಿದ್ದರಂತೆ.

ನನಗೆ ಮಾತ್ರ ಚಿಕ್ಕಂದಿನಿಂದಲೂ ದಂಡಿಯಾಗಿ ಬೆಳೆಯುತ್ತಿತ್ತು. ಎದುರು ಮನೆಯವನಿಗೆ ಸೈಕಲ್ ಬಂದರೆ ನನ್ನ ಅಂಗಿಯ ಕಾಲರ್ ಒದ್ದೆ. ಅಮ್ಮ ನನ್ನನ್ನು ಹೊಸ್ತಿಲ ಮೇಲೆ ಕೂರಿಸಿಕೊಂಡು ಚಮಚದ ಹಿಡಿಯಿಂದ ಕೆರೆಯುವಳು. “ಬೆಳೆಯೋ ಹುಡುಗ, ಎಲ್ಲ ಬೆಳೀಲಿ ಬಿಡು” ಅಂತ ನಗುವಳು. ಅಪ್ಪ ಲಾರಿಯಲ್ಲಿ ಯಾವುದೋ ಊರಿಗೆ ಹೋದವನು ಆ ಊರನ್ನೇ ಇಷ್ಟಪಟ್ಟು ಅಲ್ಲೇ ಉಳಿದ. ಅಮ್ಮ ನಾನು ಓದುತ್ತಿದ್ದ ಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುವ ಕೆಲಸಕ್ಕೆ ಸೇರಿದಳು. ನಾನು ಒಂಬತ್ತನೇ ಕ್ಲಾಸಿನಲ್ಲಿ ವಿಜ್ಞಾನದ ಮೇಷ್ಟ್ರಿಗೆ ಡಸ್ಟರ್ ಎಸೆದು ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ನಿದ್ದೆ ಮಾಡುತ್ತಿದ್ದವನನ್ನು ಎಬ್ಬಿಸಿ, ಕೋಣ ಅಂದರು. ಎಸೆದೆ. ಈಗಲೂ ಯಾರಾದರೂ ಹಾಗಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತೇನೆ. ಈಗ ಕೈಗೆ ಸಿಗುವುದು ಸುತ್ತಿಗೆ, ಅಷ್ಟೇ ವ್ಯತ್ಯಾಸ. ವೆಲ್ಡಿಂಗ್ ಶಾಪಿನಲ್ಲಿ ಕಿಟಕಿ ಗ್ರಿಲ್ಲು ಮಾಡುತ್ತೇನೆ. ಹೆಸರು ತಿಪ್ಪೇಶ.

ಅಮ್ಮ ಕಾಲೇಜು ಸೇರಿದ್ದು ನನಗೆ ಅಮ್ಮನಿಂದ ಗೊತ್ತಾಗಲಿಲ್ಲ. ಅದೇ ನನಗೆ ಮೊದಲ ಉರಿ.

ನಮ್ಮೂರ ಕಾಲೇಜು ಹಳೇ ಐಸ್ ಫ್ಯಾಕ್ಟರಿಯಲ್ಲಿದೆ. ಊರಿನವರೇ ಸೇರಿ ನಡೆಸುವ ಕಾಲೇಜು. ವಯಸ್ಸು ಕೇಳುವುದಿಲ್ಲ, ಹಳೇ ಮಾರ್ಕ್ಸು ಕೇಳುವುದಿಲ್ಲ. ಬಾಗಿಲಲ್ಲಿ ತಮ್ಮ ಹೆಸರು ತಾವೇ ಬರೆದವರನ್ನೆಲ್ಲ, ಸೀಟು ಖಾಲಿಯಾದ ಹಾಗೆ, ಒಳಗೆ ಬಿಡುತ್ತಾರೆ. ಮಂಜುಗಡ್ಡೆ ಕೂಡಿಡುತ್ತಿದ್ದ ಕೋಣೆಯೇ ಜೀವಶಾಸ್ತ್ರದ ಲ್ಯಾಬು. ಗೋಡೆಯಲ್ಲಿ ಇನ್ನೂ ಆ ಚಳಿ ಉಳಿದಿದೆ ಅನ್ನುತ್ತಾರೆ. ಒಂದು ದಿನ ಧನಂಜಯ ಸೈಕಲ್ಲಿನ ಕ್ಯಾರಿಯರ್ ಮುರಿದುಕೊಂಡು ಶಾಪಿಗೆ ಬಂದ. ಒಂಬತ್ತನೇ ಕ್ಲಾಸಿನಲ್ಲಿ ಇಬ್ಬರೂ ಒಂದೇ ಬೆಂಚು. ಅವನು ಫೇಲಾಗಿ, ಕಟ್ಟಿ, ಮತ್ತೆ ಫೇಲಾಗಿ, ಮತ್ತೆ ಕಟ್ಟಿ, ನಾನು ಒಂದು ಕೆಲಸ ಕಲಿತು ಗಡ್ಡ ಬಿಟ್ಟ ಕಾಲಕ್ಕೆ ಕಾಲೇಜಿಗೆ ಬಂದು ಮುಟ್ಟಿದ್ದ.

“ನಿಮ್ಮಮ್ಮ ನನ್ನ ಪಾರ್ಟ್ನರು ಕಣೋ” ಅಂದ.

“ಯಾವ ಪಾರ್ಟ್ನರು?”

“ಲ್ಯಾಬ್ ಪಾರ್ಟ್ನರು. ನೆನ್ನೆ ಇಬ್ಬರೂ ಸೇರಿ ಒಂದು ಜಿರಲೆ ಕೊಯ್ದ್ವಿ. ಏನ್ ಕೈ ಅಂತೀಯಾ ಅಮ್ಮಂದು! ಒಂದು ನರ ಹರೀಲಿಲ್ಲ.”

ಅಮ್ಮಂದು, ಅಂದ. ನಿಮ್ಮಮ್ಮಂದು ಅನ್ನಲಿಲ್ಲ. ನನ್ನ ಹೆಡಕಿನಲ್ಲಿ ತಣ್ಣಗೆ ಏನೋ ಹರಿಯಿತು, ಕೈಯಲ್ಲಿದ್ದ ರಾಡು ಅವನ ಕ್ಯಾರಿಯರಿನಲ್ಲಿ ಒಂದು ತೂತು ಸುಟ್ಟಿತು. ಆ ತೂತು ಇವತ್ತಿಗೂ ಇದೆ. ಮುಚ್ಚಿಕೊಡು ಅಂತ ಅವನು ಕೇಳಲಿಲ್ಲ, ಅಂಥ ಒಳ್ಳೆಯವನು. ಒಳ್ಳೆಯವರನ್ನು ಕಂಡರೆ ನನಗಾಗುವುದಿಲ್ಲ.

ಮನೆಗೆ ಬಂದು ಕೂಗಾಡಿದೆ. “ಜಿರಲೆ ಕೊಯ್ಯೋಕೆ ಕಾಲೇಜಿಗೆ ಹೋಗ್ಬೇಕಾ? ನಮ್ಮ ಬಚ್ಚಲಲ್ಲೇ ಬೇಕಾದಷ್ಟವೆ!”

“ಬಚ್ಚಲಲ್ಲಿರೋವು ಪಾಠ ಹೇಳಿಕೊಡಲ್ಲ” ಅಂದಳು ಅಮ್ಮ, ಮುದ್ದೆ ಕಟ್ಟುತ್ತಾ.

“ನಂಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಏನಂತಿದ್ದೆ?”

“ಬೇಡ ಅಂತಿದ್ದೆ.”

“ಅದಕ್ಕೇ” ಅಂದು, ಮುದ್ದೆಯನ್ನು ತಟ್ಟೆಗಿಳಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡಳು. ನಾನು ಊಟಕ್ಕೆ ಕೂತಾಗಲೆಲ್ಲ ಅಮ್ಮ ಹೀಗೆ ಕತ್ತು ಒರೆಸಿಕೊಳ್ಳುವುದು ಹಳೆಯ ಅಭ್ಯಾಸ. “ಸೆಕೆ ಕಣೋ” ಅನ್ನುವಳು. ಬೇಯಿಸುವವಳಿಗೆ ಸೆಕೆ ಅಂತ ನಾನೂ ಸುಮ್ಮನಿದ್ದೆ.

ಆಮೇಲೆ ಧನಂಜಯ ಮನೆಗೇ ಬರತೊಡಗಿದ. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಇಬ್ಬರೂ ಓದುತ್ತಿದ್ದರು. ಅವನು ಚಿತ್ರ ಬರೆಯುವನು, ಅಮ್ಮ ಅದರ ಭಾಗಗಳಿಗೆ ಹೆಸರು ಹೇಳುವಳು. ಜೀವಕೋಶದ ಒಳಗೆ ಇನ್ನೇನೋ, ಅದರ ಒಳಗೆ ಮತ್ತೇನೋ. ಅಮ್ಮನ ಬಾಯಲ್ಲಿ ಆ ಹೆಸರುಗಳು ನೆಂಟರ ಹೆಸರಿನ ಹಾಗೆ ಬರುತ್ತಿದ್ದವು. ರೊಟ್ಟಿ ಬೆಂದರೆ ಮೊದಲನೆಯದು ಅವನ ತಟ್ಟೆಗೆ. “ತಗೋ ಮಗಾ, ಬಿಸಿ ಇದೆ.” ನನಗೂ ಹಾಕುವಳು, ಇಲ್ಲ ಅನ್ನುವುದಿಲ್ಲ. “ಲೋ ತಿಪ್ಪೇಶಿ, ನಿಂಗೆಷ್ಟೋ?” ಅಂತ ಕೇಳಿ ಹಾಕುವಳು. ಮಗ ಯಾರು, ಎಷ್ಟೋ ಅನ್ನಿಸಿಕೊಂಡವನು ಯಾರು, ನೀವೇ ಹೇಳಿ.

ನನ್ನ ಪಾಚಿ ದಿನಕ್ಕೆರಡು ಸಲ ಕೆರೆದರೂ ಸಾಲದಾಯಿತು. ಒಂದು ಬೆಳಿಗ್ಗೆ ಅಮ್ಮ ಕೆರೆದದ್ದನ್ನು ಒಲೆಗೆ ಹಾಕುವ ಬದಲು ಉಪ್ಪಿನಕಾಯಿಯ ಸ್ಟೀಲ್ ಡಬ್ಬಿಗೆ ಹಾಕಿದ್ದನ್ನು ಕನ್ನಡಿಯಲ್ಲಿ ನೋಡಿದೆ.

“ಅದ್ಯಾಕೆ?”

“ಮೇಡಂ ಪಾಚಿ ಪಾಠ ಮಾಡ್ತಾವ್ರೆ. ಕೆರೆ ನೀರಿಂದು ಸಪ್ಪೆ. ನಿಂದು ಜೋರಾಗಿದೆ.”

“ನನ್ನ ಹೆಡಕಿಂದು ಕಾಲೇಜಲ್ಲಿ ತೋರಿಸ್ತೀಯ?”

“ಯಾರದು ಅಂತ ಹೇಳ್ತೀನಾ? ಮೈಕ್ರೋಸ್ಕೋಪಲ್ಲಿ ಹೆಸರು ಕಾಣಲ್ಲ ಕಣೋ.” ಆಮೇಲೆ ದನಿ ತಗ್ಗಿಸಿ, ತನಗೇ ಹೇಳಿಕೊಂಡ ಹಾಗೆ ಅಂದಳು: “ಎಷ್ಟು ಚೆಂದ ಅಂತೀಯಾ. ಹಸಿರು ಮಣಿ ಪೋಣಿಸಿದಂಗೆ. ನಿನ್ನೊಳಗೆ ಅಂಥದ್ದು ಬೆಳೀತದೆ ಅಂದ್ರೆ ನಂಬೋಕಾಗಲ್ಲ.”

ಅವಳು ಹೊಗಳಿದ್ದೋ ತೆಗಳಿದ್ದೋ ತಿಳಿಯಲಿಲ್ಲ. ತಿಳಿದದ್ದು ಒಂದೇ. ನಾನು ಧನಂಜಯನ ಮೇಲೆ ಪಟ್ಟ ಹೊಟ್ಟೆಕಿಚ್ಚನ್ನು ಧನಂಜಯನೇ ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದು ಕಣ್ಣಲ್ಲಿ ನೋಡುತ್ತಿದ್ದಾನೆ. ಮಣಿ ಎಣಿಸುತ್ತಿದ್ದಾನೆ. ಅವತ್ತು ಶಾಪಿನಲ್ಲಿ ಎರಡು ಗ್ರಿಲ್ಲು ಸೊಟ್ಟಗಾದವು.

ಇನ್ನೊಂದು ವಿಷಯ ಹೇಳಬೇಕು. ಒಂದು ಭಾನುವಾರ ಧನಂಜಯ ಬಂದಿರಲಿಲ್ಲ. ಅಮ್ಮ ಒಬ್ಬಳೇ ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು ಜೋರಾಗಿ ಓದುತ್ತಿದ್ದಳು. ಒಂದು ಸಾಲು ಓದುವಳು, ಕಣ್ಣು ಮುಚ್ಚಿ ಒಪ್ಪಿಸುವಳು, ಸರಿಯಾಗಿದ್ದರೆ ತನ್ನ ತೊಡೆಗೆ ತಾನೇ ತಟ್ಟಿಕೊಳ್ಳುವಳು. ನಾನು ಗೋಡೆಗೊರಗಿ ನೋಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ನನ್ನ ಹೆಡಕಿನಿಂದ ನೀರು ಬೆನ್ನಿಗಿಳಿಯಿತು. ಬನಿಯನ್ನು ತೊಯ್ದುಹೋಯಿತು. ಬಂದ ನನ್ಮಗ, ಬೀದಿಯಲ್ಲಿದ್ದಾನೆ ಅಂದುಕೊಂಡು ಹೊರಗೆ ಓಡಿದೆ. ಬೀದಿಯಲ್ಲಿ ಒಂದು ಎಮ್ಮೆ ಬಿಟ್ಟು ಯಾರೂ ಇರಲಿಲ್ಲ. ಮೂಲೆಯಲ್ಲಿ ಅಡಗಿದ್ದಾನೆ ಅಂತ ಹಿತ್ತಿಲನ್ನೂ ಹುಡುಕಿದೆ. ಎಮ್ಮೆ ನನ್ನನ್ನೇ ನೋಡುತ್ತಿತ್ತು.

ವರ್ಷ ಕೊನೆಯಾಗಿ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಕಾಲೇಜಿನಲ್ಲಿರುವುದು ಕೆಲವೇ ಮೈಕ್ರೋಸ್ಕೋಪು, ಸೀಟಿಗೆ ಕಾದು ನಿಂತವರು ಬೇಕಾದಷ್ಟು. ಹಾಗಾಗಿ ಪ್ರಾಕ್ಟಿಕಲ್ಲಿನಲ್ಲಿ ಫೇಲಾದವರ ಹೆಸರು ಹೊಡೆದುಹಾಕುತ್ತಾರೆ, ಮತ್ತೆ ಸೇರಿಸಿಕೊಳ್ಳುವುದಿಲ್ಲ. ಪ್ರತಿಯೊಬ್ಬರೂ ಒಂದು ಜೀವಂತ ಮಾದರಿ ತಂದು, ಮೈಕ್ರೋಸ್ಕೋಪಿನಲ್ಲಿ ತೋರಿಸಿ, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಅಮ್ಮ ಪಾಚಿ ಅಂತ ಬರೆಸಿದ್ದಳು. ನಮ್ಮೂರ ಪಾಚಿ ಮೈಯಿಂದ ಕಿತ್ತರೆ ಸ್ವಲ್ಪ ಹೊತ್ತಿಗೇ ಸಾಯುತ್ತದೆ, ಅವತ್ತಿನದು ಅವತ್ತೇ ಆಗಬೇಕು. “ನಾಳೆ ಬೆಳಿಗ್ಗೆ ಕೆರ್ಕೊಬೇಡ. ಹೊರಡೋ ಮುಂಚೆ ನಾನೇ ತಗೋತೀನಿ” ಅಂದಳು. ಕೇಳಲಿಲ್ಲ, ಅಂದಳು. ನನ್ನ ಹೊಟ್ಟೆಕಿಚ್ಚು ಮನೆಯ ಕರಿಬೇವಿನ ಗಿಡ, ಬೇಕಾದಾಗ ಕಿತ್ತುಕೊಳ್ಳಬಹುದು ಅನ್ನುವ ಹಾಗೆ.

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ನಾನು ಮುನಿಯಪ್ಪನ ಶಾಪಿಗೆ ಹೋದೆ. ಅವನು ಕಾಲರ್ ಸರಿಸಿ ಶಿಳ್ಳೆ ಹೊಡೆದ.

“ಯಾರ ಮ್ಯಾಲ್ಲಾ ಇಷ್ಟೊಂದು? ಇದು ಪಾಚಿಯಲ್ಲ, ಗೋಮಾಳ. ಎರಡು ಮೇಕೆ ಕಟ್ಟಬಹುದು.”

“ಬಾಯಿ ಮುಚ್ಕೊಂಡು ಬೇರು ಸಮೇತ ತೆಗಿ.”

“ಬೇರು ತೆಗೀಬೇಕಂದ್ರೆ ಸುಣ್ಣ ಉಪ್ಪು ಹಚ್ಚಿ ಉಜ್ಜಬೇಕು. ಉರೀತದೆ. ಆಮ್ಯಾಲೆ ಒಂದು ತಿಂಗಳು ಅಲ್ಲಿ ಹುಲ್ಲುಕಡ್ಡಿ ಹುಟ್ಟಲ್ಲ.”

“ಹಚ್ಚು.”

ಉರಿಯಿತು. ಕಣ್ಣಲ್ಲಿ ನೀರು ಬಂತು. ಆದರೆ ಆ ಉರಿಯಲ್ಲಿ ಒಂದು ಸುಖವಿತ್ತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದಾಗ ಅಮ್ಮ ಗಂಜಿ ಹಾಕಿದ ಹತ್ತಿ ಸೀರೆಯುಟ್ಟು, ತುರುಬು ಕಟ್ಟಿ, ಚಮಚ ಡಬ್ಬಿ ಹಿಡಿದು ಹೊಸ್ತಿಲಲ್ಲಿ ಕೂತಿದ್ದಳು. “ಎಲ್ಲಿಗೆ ಹೋಗಿದ್ಯೋ? ಬಾ ಕೂತ್ಕೊ, ಹೊತ್ತಾಯ್ತು.”

ನಾನು ಕೂತೆ. ಬೇಕಂತಲೇ ಕಾಲರನ್ನು ಪೂರ್ತಿ ಕೆಳಗೆಳೆದೆ. ಅವಳ ಬೆರಳು ನನ್ನ ಹೆಡಕಿನ ಮೇಲೆ ಒಂದು ಸಲ ಆಡಿತು, ಸುಣ್ಣ ಸುಟ್ಟ ಕಡೆ.

“ಮುನಿಯಪ್ಪ ಚೆನ್ನಾಗೇ ಮಾಡವ್ನೆ” ಅಂದಳು.

ಕೂಗುತ್ತಾಳೆ, ಅಳುತ್ತಾಳೆ, ಹೊಡೆಯುತ್ತಾಳೆ ಅಂತ ಕಾಯುತ್ತಿದ್ದೆ. ಎಲ್ಲಕ್ಕೂ ಉತ್ತರ ತಯಾರು ಮಾಡಿಕೊಂಡಿದ್ದೆ. ಅವಳು ಎದ್ದು ಖಾಲಿ ಡಬ್ಬಿಯನ್ನೇ ಮತ್ತೊಂದು ಸಲ ತೊಳೆದು, ಒರೆಸಿ, ಚೀಲಕ್ಕೆ ಹಾಕಿದಳು.

“ಖಾಲಿ ಡಬ್ಬಿ ತಗೊಂಡೋಗಿ ಏನ್ ಮಾಡ್ತೀಯ?”

“ಪರೀಕ್ಷೆ ಇವತ್ತು.”

“ಪಾಚಿ?”

“ನೀನು ಶಾಪಿಗೆ ಹೋಗು. ನಿಂಗೂ ಹೊತ್ತಾಗ್ತದೆ.” ಚಪ್ಪಲಿ ಮೆಟ್ಟಿಕೊಂಡು, ಸೆರಗಿನಿಂದ ಕತ್ತು ಒರೆಸಿಕೊಂಡು ಹೊರಟಳು.

ಶಾಪಿನಲ್ಲಿ ಖಾಲಿ ಡಬ್ಬಿ ಕಣ್ಣಮುಂದೆ ಬರುತ್ತಿತ್ತು. ಮಾದರಿ ಇಲ್ಲದೆ ಅವಳು ಬೆಪ್ಪಾಗಿ ನಿಲ್ಲುವುದನ್ನು ನೋಡಬೇಕು ಅನ್ನಿಸಿತು. ಧನಂಜಯ ತನ್ನದರಲ್ಲಿ ಅರ್ಧ ಕೊಟ್ಟು ದೊಡ್ಡ ಮಗನಾಗುತ್ತಾನೆ, ಆಗ ಅವನ ಮೂತಿಗೆ ಗುದ್ದಬೇಕು ಅನ್ನಿಸಿತು. ಎರಡರಲ್ಲಿ ಯಾವುದಕ್ಕೆ ಹೋದೆನೋ, ಹೋದೆ. ಐಸ್ ಫ್ಯಾಕ್ಟರಿಯಲ್ಲಿ ಲ್ಯಾಬಿನ ದಪ್ಪ ಬಾಗಿಲು ಅರ್ಧ ತೆರೆದಿತ್ತು. ಉದ್ದನೆಯ ಓಣಿಯ ಈ ಕೊನೆಯಲ್ಲಿ ನಿಂತು ಇಣುಕಿದೆ. ಆ ಬರಿಗೋಡೆಗಳಲ್ಲಿ ಪಿಸುಮಾತೂ ಇಲ್ಲಿಯ ತನಕ ಕೇಳುತ್ತಿತ್ತು.

ಪರೀಕ್ಷೆ ಮಾಡಲು ಬಂದಿದ್ದವರು ಹೊರಗಿನ ಊರಿನವರು. ಸ್ವೆಟರ್ ಹಾಕಿಕೊಂಡ ಸಣಕಲು ಮನುಷ್ಯ. ಪಾಪ, ಪದ್ಧತಿ ಗೊತ್ತಿಲ್ಲದೆ ಎಲ್ಲರ ಬೆನ್ನ ಹಿಂದೆ ಓಡಾಡುತ್ತಿದ್ದರು. ಅವರು ಹಿಂದೆ ಬಂದ ಹಾಗೆಲ್ಲ ವಿದ್ಯಾರ್ಥಿಗಳು ಗಿರಗಟ್ಟೆಯ ಹಾಗೆ ತಿರುಗುತ್ತಿದ್ದರು. “ಇಷ್ಟು ಮರ್ಯಾದೆ ಕೊಡೋ ಮಕ್ಕಳನ್ನ ನಾನು ಎಲ್ಲೂ ನೋಡಿಲ್ಲ” ಅಂತ ನೂರ್ ಮೇಡಂಗೆ ಹೇಳಿದರು. ಪಾಠ ಮಾಡುವ ಮೇಡಂ ಅವರೇ. ಬುರ್ಖಾದ ಒಳಗೆ ಅವರೊಬ್ಬರ ಹೆಡಕಿನ ಬಗ್ಗೆ ಊರಿಗೆ ಚಿಂತೆಯಿಲ್ಲ.

ಅಮ್ಮನ ಸರದಿ ಬಂತು. ಪಕ್ಕದಲ್ಲೇ ನಿಂತಿದ್ದ ಧನಂಜಯ ಖಾಲಿ ಡಬ್ಬಿ ನೋಡಿ ಪಿಸುಗುಟ್ಟಿದ. “ಅಮ್ಮಾ, ನನ್ನ ನೀರುಗಿಡದಲ್ಲಿ ಅರ್ಧ ತಗೊಳ್ಳಿ.”

“ಬೇಡ ಮಗಾ. ನಂದೇ ಐತೆ.”

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕೂತವರಿಗೆಲ್ಲ ಬೆನ್ನು ಮಾಡಿ ನಿಂತಳು. ನಮ್ಮೂರಿನಲ್ಲಿ ಯಾರೂ ಮಾಡದ ಕೆಲಸ. ತುರುಬು ಬಿಚ್ಚಿ, ಕೂದಲನ್ನು ಎದೆಯ ಮೇಲೆ ತಂದುಕೊಂಡಳು. ಯಾರೋ ಹೆಂಗಸು “ಅಯ್ಯಯ್ಯೋ ಬೋರಕ್ಕ” ಅಂದಳು. ಅಮ್ಮನ ಹೆಡಕಿನ ತುಂಬ ಪಾಚಿ. ರವಿಕೆಯ ಒಳಗೂ ಇಳಿದಿತ್ತು. ನನ್ನದು ಎಳೆ ಹಸಿರು. ಇದು ಕಪ್ಪಿಗೆ ತಿರುಗಿದ ಹಸಿರು, ಪದರದ ಮೇಲೆ ಪದರ, ಕೈ ಎಟುಕಿದಷ್ಟು ಕೆರೆದು ಎಟುಕದ್ದು ಹಾಗೇ ಉಳಿದು ಗಟ್ಟಿಯಾದದ್ದು. ಅವಳು ತಾನೇ ಕೈ ಹಿಂದೆ ಮಾಡಿ ಚಿಮುಟದಲ್ಲಿ ಒಂದು ಚೂರು ಕಿತ್ತು, ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿನ ಕೆಳಗೆ ಸರಿಸಿದಳು.

ಪರೀಕ್ಷಕರು ಬಗ್ಗಿ ನೋಡಿದರು. “ಒಣಗಿದೆಯಲ್ಲಮ್ಮ. ಜೀವಂತ ಮಾದರಿ ಬೇಕಿತ್ತು.”

“ಜೀವ ಐತೆ ಸಾರ್.”

“ಎಲ್ಲಿದೆ? ತೋರಿಸಿ.”

“ಅದು ಹಸಿಯಾಗೋಕೆ ಒಬ್ಬರು ಬೇಕು. ಅವರು ಇಲ್ಲಿಲ್ಲ.”

“ಅದೆಲ್ಲ ನನಗೆ ಬೇಡ. ಒಣಗಿದ್ದಕ್ಕೆ ಅಂಕ ಇಲ್ಲ” ಅಂತ ಪೆನ್ನು ತೆಗೆದರು. ನೂರ್ ಮೇಡಂ ನೆಲ ನೋಡಿದರು. ಅಮ್ಮ ಗಾಜಿನ ಚೂರನ್ನೇ ನೋಡುತ್ತಾ ನಿಂತಳು, ಒಲೆಯ ಮೇಲಿನ ಹಾಲು ಉಕ್ಕಲಿ ಅಂತ ಕಾಯುವ ಹಾಗೆ.

ಅವಳ ಅಂಕ ಯಾರಿಗೆ ಬೇಕಾಗಿತ್ತು? ನನಗೆ ಬೇಕಾದದ್ದು ಹೆಸರು. ಯಾರ ಮೇಲೆ? ಧನಂಜಯ ಪಕ್ಕದಲ್ಲೇ ಇದ್ದಾನೆ, ಪಾಚಿ ಒಣಗಿದೆ. ಮೇಡಂ ಎದುರಿಗೇ ಇದ್ದಾರೆ, ಒಣಗಿದೆ. ಹಾಗಾದರೆ ನನಗೆ ಗೊತ್ತಿಲ್ಲದ ಇನ್ಯಾವ ಮನುಷ್ಯ ನಮ್ಮಮ್ಮನ ಬೆನ್ನ ಮೇಲೆ ಇಷ್ಟು ವರ್ಷ ಸವಾರಿ ಮಾಡಿದ? ನನ್ನ ಅಮ್ಮನಿಗೆ ಇಷ್ಟೊಂದು ದೊಡ್ಡದು ಯಾರೋ ಕೊಟ್ಟಿದ್ದಾರೆ, ನನ್ನನ್ನು ಬಿಟ್ಟು. ತಡೆಯಲಾಗಲಿಲ್ಲ. ಓಣಿ ದಾಟಿ, ಬಾಗಿಲು ನೂಕಿ, ನೇರ ಅವಳ ಪಕ್ಕಕ್ಕೆ ಹೋಗಿ ನಿಂತೆ.

“ಅರೆ!” ಅಂದರು ಪರೀಕ್ಷಕರು. ಸೊನ್ನೆ ಹಾಕುವ ಮುಂಚೆ ಕೊನೆಯದಾಗಿ ಅಂತ ಮತ್ತೆ ಬಗ್ಗಿದ್ದರಂತೆ. ಕಣ್ಣು ಉಜ್ಜಿಕೊಂಡು ಮತ್ತೆ ಇಟ್ಟರು. “ಅರೆ! ಒಂದೊಂದೇ ಕೋಶ ಬಾಯಿ ಬಿಡ್ತಾ ಇದೆ... ನೀರು... ಎಲ್ಲಿಂದ ಬಂತು ಇಷ್ಟು ನೀರು?”

ಗಾಜಿನಿಂದ ಹನಿ ಮೇಜಿಗೆ ಬಿತ್ತು. ಅಮ್ಮನ ರವಿಕೆಯ ಬೆನ್ನಿನಲ್ಲಿ ಒದ್ದೆಯ ಗೆರೆಯೊಂದು ಇಳಿದು, ಅಗಲವಾಗಿ, ಸೊಂಟದ ಸೆರಗನ್ನು ಮುಟ್ಟಿತು. ಕೋಣೆಯಲ್ಲಿದ್ದವರೆಲ್ಲ ಮೊದಲು ಗಾಜು ನೋಡಿದರು, ಆಮೇಲೆ ಅಮ್ಮನ ಬೆನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಮ್ಮ ಮಾತ್ರ ನೋಡಲಿಲ್ಲ.

“ನೀರು ಎಲ್ಲಿಂದ ಬಂತಮ್ಮ?”

“ಕೋಶದೊಳಗಿಂದ ಸಾರ್.”

“ಅದು ಕಾಣ್ತಾ ಇದೆ. ಯಾಕೆ ಬಂತು? ಕಾರಣ ಹೇಳಿ. ಅಂಕ ಇರೋದೇ ಅದಕ್ಕೆ.”

ಒಂದು ಸುಳ್ಳು ಸಾಕಾಗಿತ್ತು. ಚಳಿಗೆ ಸಾರ್, ಬೆಳಕಿಗೆ ಸಾರ್ ಅಂದಿದ್ದರೆ ಆ ಪರದೇಶಿ ಮನುಷ್ಯನಿಗೆ ಏನು ಗೊತ್ತಾಗುತ್ತಿತ್ತು? ಆದರೆ ತಪ್ಪು ಉತ್ತರಕ್ಕೆ ಅಂಕ ಕೇಳುವವಳಲ್ಲ ಅವಳು.

“ಯಾರನ್ನ ಕಂಡ್ರೆ ಹೊಟ್ಟೆ ಉರೀತದೋ ಅವರು ಹತ್ರ ಬಂದಾಗ ಇದು ನೀರು ಬಿಡ್ತದೆ ಸಾರ್.”

“ಈಗ ಯಾರು ಬಂದರು?”

“ನನ್ನ ಮಗ” ಅಂದಳು ಅಮ್ಮ.

ಪರೀಕ್ಷಕರು ನನ್ನನ್ನು ಬಾಟಲಿಯಲ್ಲಿಟ್ಟ ಔಷಧಿ ನೋಡುವ ಹಾಗೆ ನೋಡಿದರು. “ಏನಪ್ಪ, ಬಾಗಿಲ ತನಕ ಹೋಗು.” ಹೋದೆ. “ಇನ್ನೂ ಆಚೆ ಹೋಗು.” ಹೋದೆ. “ಕಮ್ಮಿ ಆಯ್ತು... ಹಾಂ, ಈಗ ಮೆಲ್ಲಗೆ ಮುಂದೆ ಬಾ.” ಬಂದೆ. ಮೇಷ್ಟ್ರು ಅನ್ನಿಸಿಕೊಂಡವರು ಹೇಳಿದ್ದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಮಾಡುತ್ತಿದ್ದೆ. ಹಿಂದೆ ಹೋದೆ, ಮುಂದೆ ಬಂದೆ, ಎಲ್ಲರೂ ನೋಡುತ್ತಿದ್ದರು. ಕೈಯಲ್ಲಿ ಎಸೆಯಲು ಏನೂ ಇರಲಿಲ್ಲ. “ಭೇಷ್!” ಅಂದರು ಅವರು, ಕಣ್ಣು ತೆಗೆಯದೆ. “ನನ್ನ ಸರ್ವೀಸಿನಲ್ಲೇ ಇಂಥದ್ದು ನೋಡಿಲ್ಲ.” ಅಮ್ಮನಿಗೆ ಎಷ್ಟು ಅಂಕ ಕೊಟ್ಟರೋ, ಧನಂಜಯ ಚಪ್ಪಾಳೆ ತಟ್ಟಿದ. ಅವನೊಬ್ಬನೇ ತಟ್ಟಿದ.

ಸಂಜೆಯೊಳಗೆ ಸುದ್ದಿ ಬೀದಿಬೀದಿ ಸುತ್ತಿತು. “ಹೆತ್ತವಳಿಗಂತೆ!” “ತೊಟ್ಟಿಲ ಎಣ್ಣೆ ಕೊಳೆತಿತ್ತೋ ಏನೋ.” ನಲ್ಲಿಯ ಹತ್ತಿರ ಅಮ್ಮ ಬಿಂದಿಗೆ ಇಟ್ಟರೆ ಉಳಿದವರು ತಮ್ಮದನ್ನು ಎತ್ತಿಕೊಂಡರು. ಎದುರು ಮನೆಯ ಕೆಂಚಮ್ಮ ಮಾತ್ರ ನಿಂತಿದ್ದಳು. ತನ್ನ ಮಗಳ ಕಡೆ ಒಂದು ಸಲ ನೋಡಿ, ಜಡೆಯನ್ನು ಇನ್ನಷ್ಟು ಬಿಗಿಯಾಗಿ ಹೆಡಕಿಗೆ ಒತ್ತಿಕೊಂಡಳು. ನಾನು ಅವತ್ತು ತಟ್ಟೆ ತಳ್ಳಿ ಮಲಗಿದೆ.

ಬೆಳಿಗ್ಗೆ ಎದ್ದಾಗ ಅವಳು ಹೊಸ್ತಿಲ ಮೇಲೆ ಕೂತಿದ್ದಳು. ನಾನು ಕೂರುತ್ತಿದ್ದ ಜಾಗದಲ್ಲಿ, ಬೀದಿಗೆ ಮುಖ ಮಾಡಿ, ಕೂದಲು ಮುಂದಕ್ಕೆ ಹಾಕಿಕೊಂಡು. ಪಕ್ಕದಲ್ಲಿ ಚಮಚ.

“ಕೆರೀತೀಯಾ? ಕೆಳಗಿಂದು ನಂಗೆ ಕೈ ಎಟುಕಲ್ಲ.”

ಕೆರೆಯಬಾರದು ಅಂತಲೇ ಹೋಗಿ ಹಿಂದೆ ಕೂತೆ. ಚಮಚ ಇಟ್ಟರೆ ನೀರು ಸೋರಿತು. ಕೆರೆದಷ್ಟೂ ಸೋರಿತು. ನಾನು ಅಲ್ಲಿ ಕೂತಿರುವ ತನಕ ಅದು ಒಣಗುವ ಹಾಗಿರಲಿಲ್ಲ.

“ಯಾವತ್ತಿಂದ ಇದು?” ಅಂತ ಕೇಳಿದೆ. ದನಿ ಒರಟಾಗೇ ಬಂತು.

“ನೀನು ಡಸ್ಟರ್ ಎಸೆದ ದಿನದಿಂದ.” ಅವಳು ಬೀದಿ ನೋಡುತ್ತಾ ಹೇಳಿದಳು. “ನನ್ನ ಅಡಿಗೆಮನೆ ಕಿಟಕಿ ನಿಮ್ಮ ಕ್ಲಾಸಿಗೇ ಇತ್ತಲ್ಲ. ದಿನಾ ಕೇಳ್ತಿದ್ದೆ, ಸೌಟು ಆಡಿಸ್ತಾ. ಅವತ್ತು ಮೇಷ್ಟ್ರು ಎಲೆ ಪಾಠ ಮಾಡ್ತಿದ್ರು. ಹಗಲೊತ್ತು ಎಲೆ ಬಿಸಿಲಲ್ಲಿ ಅಡಿಗೆ ಮಾಡ್ಕೊತದೆ ಅಂದ್ರು. ನಂಗೆ ಮೈ ಜುಮ್ ಅಂತು. ನನ್ನಂಗೇ ಒಂದು ಅಡಿಗೆಯೋಳು ಅಂತ. ‘ಹಂಗಾದ್ರೆ ಕತ್ತಲಾದ ಮೇಲೆ ಏನ್ ಮಾಡ್ತದೆ, ಹೇಳಿ ನೋಡಣ’ ಅಂತ ಕೇಳಿದ್ರು. ಸೌಟು ಬಿಟ್ಟು ಕಿಟಕಿಗೆ ಬಂದೆ. ಅಷ್ಟೊತ್ತಿಗೆ ನಿನ್ನ ಎಬ್ಬಿಸಿದ್ರು, ನೀನು ಎಸೆದೆ. ಗಲಾಟೆ ಆಯ್ತು, ಪಾಠ ನಿಂತೋಯ್ತು. ಮಾರನೇ ದಿನ ಬೇರೆ ಪಾಠ ತಗೊಂಡ್ರು.”

ನನ್ನ ಕೈ ನಿಂತಿತು.

“ನಿಂಗೆ ಒಳಗೆ ಬೆಂಚು ಇತ್ತು ಕಣೋ” ಅಂದಳು. “ನಮ್ಮಪ್ಪ ನಂಗೆ ಬೆಂಚು ತೋರಿಸಲೇ ಇಲ್ಲ. ಅಕ್ಷರ ಕಲ್ತಿದ್ದೂ ನಿನ್ನ ಪುಸ್ತಕ ನೋಡ್ಕೊಂಡೇ. ನೀನು ಅದರ ಮೇಲೆ ಮಲಗ್ತಿದ್ದೆ. ಆಮೇಲೆ ಒದ್ದು ಎದ್ದು ಬಂದೆ. ಬಂದವನಿಗೆ ನಾನೇ ಅನ್ನ ಬಡಿಸಿದೆ. ಅವತ್ತು ಹೆಡಕು ತಣ್ಣಗಾಯ್ತು. ಯಾರಿಗೆ ಹೇಳಲಿ? ಸೆಕೆ ಅಂದೆ.”

ನನಗೆ ಬೈಯಬೇಕು ಅನ್ನಿಸಿತು. ಬೈಗುಳ ಬಾಯಿ ತನಕ ಬಂತು. ಅದರ ಬದಲು ಬೇರೇನೋ ಹೊರಗೆ ಬಿತ್ತು: “ಸರಿ. ಕತ್ತಲಾದ ಮೇಲೆ ಏನ್ ಮಾಡ್ತದೆ?”

ಅವಳು ತಿರುಗಿ ನನ್ನನ್ನು ನೋಡಿದಳು. ನಿಜವಾಗಲೂ ಕೇಳುತ್ತಿದ್ದೇನಾ ಅಂತ ನೋಡಿ, ನಕ್ಕಳು. “ಒಲೆ ಆರಿಸ್ತದೆ. ಅಡಿಗೆ ಇಲ್ಲ. ಬರೀ ಉಸಿರಾಡ್ತದೆ, ನಮ್ಮಂಗೇ.”

“ಅಷ್ಟೇನಾ?”

“ಅಷ್ಟೇ. ಅದನ್ನ ಮೊದಲನೇ ವಾರಾನೇ ಹೇಳಿಕೊಟ್ರು.”

“ಮತ್ಯಾಕೆ ಹೋಗ್ತೀಯ ಇನ್ನೂ?”

“ಅದು ತಿಳೀತಲ್ಲ, ಇನ್ನೊಂದು ಕೇಳಣ ಅನ್ನಿಸ್ತು. ಆಮೇಲೆ ಇನ್ನೊಂದು.” ಮತ್ತೆ ಬೀದಿಯ ಕಡೆ ತಿರುಗಿ ಕೂದಲು ಸರಿಸಿಕೊಂಡಳು. ಮುಂದಿನ ವರ್ಷ ರಕ್ತದ ಪಾಠವಂತೆ. ಅದು ಹೃದಯದ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಲು ಬಾಗಿಲುಗಳಿವೆಯಂತೆ, ಒಂದೇ ಕಡೆಗೆ ತೆರೆಯುವ ಬಾಗಿಲುಗಳಂತೆ. ಕೈಯಲ್ಲಿ ಹೇಗೆ ತೆರೆಯುತ್ತವೆ ಅಂತ ಮಾಡಿ ತೋರಿಸಿದಳು. ಹೇಳುತ್ತಾ ಹೇಳುತ್ತಾ ತನ್ನ ತೊಡೆಗೆ ತಾನೇ ತಟ್ಟಿಕೊಂಡಳು.

ಆಗ ಸುಣ್ಣ ಸುಟ್ಟ ನನ್ನ ಹೆಡಕಿನಲ್ಲಿ ತುರಿಕೆಯಾಯಿತು. ಮುನಿಯಪ್ಪ ಒಂದು ತಿಂಗಳು ಅಂದಿದ್ದ, ಕಳ್ಳ ನನ್ಮಗ. ಕೈ ಹಾಕಿ ನೋಡಿದೆ. ಮುಳ್ಳಿನ ಮೊನೆಯಷ್ಟು, ಮೆತ್ತಗೆ, ಎಳೆಯದು. ಮುಟ್ಟುತ್ತಿದ್ದ ಹಾಗೆ ಒಡೆದು, ತಣ್ಣನೆಯ ನೀರು ಬೆನ್ನಿನುದ್ದಕ್ಕೂ ಇಳಿಯಿತು. ಅಭ್ಯಾಸಬಲದಿಂದ ಕತ್ತೆತ್ತಿ ಬೀದಿ ನೋಡಿದೆ. ಧನಂಜಯನಿಲ್ಲ, ಯಾರೂ ಇಲ್ಲ. ಮಂಜು ಇನ್ನೂ ಕರಗಿರಲಿಲ್ಲ, ಎಮ್ಮೆ ಅದರಲ್ಲಿ ಹೊಗೆ ಬಿಡುತ್ತಾ ನಿಂತು ನಮ್ಮಿಬ್ಬರನ್ನೂ ನೋಡುತ್ತಿತ್ತು. ಈ ಸಲ ನಾನು ಹೊರಗೆ ಓಡಲಿಲ್ಲ.

“ಯಾಕೋ ಕೈ ನಿಲ್ಲಿಸಿದೆ?” ಅಂದಳು ಅಮ್ಮ, ತಿರುಗದೆ.

“ಸೆಕೆ” ಅಂದೆ.